ಎಂಟನೆಯ ಚುಕ್ಕಿ

ನಮ್ಮ ನಡುಮನೆಯ ಮೇಜಿನ ಮೇಲೆ ನಾನು ಮೂವತ್ತನಾಲ್ಕು ವರ್ಷ ಒಂದು ಲೋಟವನ್ನೂ ಇಡಲಿಲ್ಲ. ಹೊಸಬರು ಯಾರಾದರೂ ಬಂದು ಕೈಚೀಲ ಇಡಲು ಹೋದರೆ ಅಡುಗೆಮನೆಯಿಂದಲೇ "ಅಲ್ಲಿ ಬೇಡ" ಅನ್ನುತ್ತಿದ್ದೆ. ಊರಿನವರಾದರೆ ಅಷ್ಟಕ್ಕೇ ತಿಳಿದುಕೊಳ್ಳುತ್ತಿದ್ದರು. ಮೇಜಿನ ಒಂದು ಅಂಚಿನಲ್ಲಿ ಹದಿನಾಲ್ಕು ಮೂಳೆಯ ಬಿಲ್ಲೆಗಳು ಮುಖ ಮೇಲೆ ಮಾಡಿಕೊಂಡು ಸಾಲಾಗಿ ಮಲಗಿದ್ದವು. ಅದು ನಮ್ಮತ್ತೆ ತಿರುಮಲಮ್ಮನವರ ದೊಡ್ಡ ಕೈ. ನಾನು ಅವರ ಒಬ್ಬಳೇ ಸೊಸೆ, ಚೂಡಾಮಣಿ. ಊಟ ನೆಲದ ಮೇಲೆ, ತರಕಾರಿ ಹೆಚ್ಚುವುದು ನೆಲದ ಮೇಲೆ, ಬಂದವರಿಗೆ ಎಲೆ ಹಾಕುವುದೂ ನೆಲದ ಮೇಲೆ. ಮಂಡಿ ಸವೆದದ್ದು ಮಾತ್ರ ನನ್ನದು.

ಆಟದ ನಿಜವಾದ ಹೆಸರು ಮಾಜಾಂಗ್ ಅಂತೆ, ಜಪಾನಿನ ಕಡೆಯವರು ಆಡುವ ಬಗೆಯಂತೆ. ನಮ್ಮೂರಿಗೆ ಯಾರು ತಂದರೋ, ನಮಗೆ ಅದು ಬಿಲ್ಲೆಯಾಟ. ನಾಲ್ವರು ಕೂತು ನೂರ ಮೂವತ್ತಾರು ಬಿಲ್ಲೆ ಕಲಸಿ, ತಲೆಗೆ ಹದಿಮೂರು ಎತ್ತಿಕೊಂಡು, ಒಂದು ಎಳೆದು ಒಂದು ಬಿಸಾಡುತ್ತ ಹದಿನಾಲ್ಕನ್ನು ಹೊಂದಿಸುವುದು. ಹಾಗೆ ಹೊಂದಿದ ಸಾಲಿಗೆ ಕೈ ಅನ್ನುತ್ತೇವೆ. ಸಾಧಾರಣ ಕೈಗಳು ಒಂದು ಮಧ್ಯಾಹ್ನಕ್ಕೆ ಹತ್ತು ಬೀಳುತ್ತವೆ. ದೊಡ್ಡ ಕೈಗಳು ಬೇರೆ. ಹದಿಮೂರು ತಬ್ಬಲಿ, ಮೂರು ನಾಗ, ನಾಲ್ಕು ಗಾಳಿ, ಒಂಬತ್ತು ಬಾಗಿಲು ಅಂತ ಅವುಗಳ ಹೆಸರು. ಜನ್ಮವೆಲ್ಲ ಆಡಿದರೂ ಒಂದನ್ನೂ ಕಾಣದೆ ಹೋಗುವವರೇ ಹೆಚ್ಚು. ಅಂಥದ್ದೊಂದು ಬಿದ್ದರೆ ಅದನ್ನು ಮೇಜಿನ ಮೇಲೆ ಬಿದ್ದ ಹಾಗೇ ಬಿಡಬೇಕು. ಬಿಟ್ಟಷ್ಟು ಕಾಲ ಆ ಕೈಯವರು ಸಾಯುವುದಿಲ್ಲ.

ಕೇಳಲು ಇದು ಭಾಗ್ಯದಂತೆ ಕಾಣುತ್ತದೆ. ನಮ್ಮೂರಿನಲ್ಲಿ ಹೆಣ್ಣು ಕೊಡುವವರು ಮೊದಲು ಕೇಳುವುದು ಮನೆಯಲ್ಲಿ ಎಷ್ಟು ಮೇಜು ಅಂತ. ಎರಡು ಅಂದರೆ ಕಾಫಿ ಕುಡಿದು ಎದ್ದು ಹೋಗುತ್ತಾರೆ. ಪಾಲು ಮಾಡಿಕೊಂಡ ಅಣ್ಣತಮ್ಮಂದಿರು ಮೇಜು ಸರಿಸುವಂತಿಲ್ಲ ಎಂದು ಗೋಡೆಯನ್ನೇ ಅದರ ಸುತ್ತ ಬಳಸಿ ಕಟ್ಟಿದ್ದಾರೆ. ಒಂದು ಮನೆಯಲ್ಲಂತೂ ಅಜ್ಜಿ ಈ ಕಡೆ ಪಾಲಿಗೆ, ಅಜ್ಜಿಯ ಬಿಲ್ಲೆ ಆ ಕಡೆ ಪಾಲಿಗೆ ಬಂದು ಇವತ್ತಿಗೂ ಜಗಳ ನಿಂತಿಲ್ಲ. ಸಾಯದವರು ಮುದುಕರಾಗುವುದು ಮಾತ್ರ ನಿಲ್ಲುವುದಿಲ್ಲ. ಹಲ್ಲು ಹೋಗುತ್ತದೆ, ಕಣ್ಣು ಹೋಗುತ್ತದೆ, ಬುದ್ಧಿಯೂ ಹೋಗುತ್ತದೆ.

ಸಾಕಾದಾಗ ಬಿಲ್ಲೆ ಕಲಸಬಹುದು. ಆದರೆ ಆ ಹಕ್ಕು ಆ ದಿನ ಅದೇ ಮೇಜಿಗೆ ಕೂತಿದ್ದ ಉಳಿದ ಮೂವರಿಗೆ ಮಾತ್ರ. ಅವರಲ್ಲಿ ಒಬ್ಬರು ಎರಡೂ ಅಂಗೈಯಿಂದ ಕಲಸಿದರೆ ಒಂದು ಗಂಟೆಯೊಳಗೆ ಕೈಯವರು ನೆಮ್ಮದಿಯಾಗಿ ಹೋಗುತ್ತಾರೆ. ಬೇರೆಯವರು ಮುಟ್ಟಿದರೆ ಏನೂ ಆಗುವುದಿಲ್ಲ. ಸೊಣ್ಣಪ್ಪನವರ ಮನೆಯ ಮುತ್ತಜ್ಜನ ಜೊತೆ ಆಡಿದ್ದ ಮೂವರೂ ಸತ್ತು ಅರವತ್ತು ವರ್ಷವಾಗಿದೆ. ಮನೆಯವರು ಒಮ್ಮೆ ತಡೆಯಲಾರದೆ ಬಿಲ್ಲೆಗಳನ್ನು ಚೀಲಕ್ಕೆ ತುಂಬಿ ಹೊಳೆಗೆ ಹಾಕಿ ಬಂದರು. ಬಂದು ನೋಡಿದರೆ ಮುತ್ತಜ್ಜ ಜಗಲಿಯ ಮೇಲೆ ಕೂತು ಅನ್ನ ಕೇಳುತ್ತಿದ್ದರು. ಈಗ ಆ ಮನೆಯಲ್ಲಿ ಅವರ ರಕ್ತದವರು ಯಾರೂ ಇಲ್ಲ. ಬೀದಿಯವರು ಸರದಿಯ ಮೇಲೆ ತುತ್ತು ಹಾಕುತ್ತಾರೆ. ಅವರಿಗೆ ತುತ್ತು ಹಾಕುವವರು ಯಾರೆಂದೂ ತಿಳಿಯದು, ತಾವು ಯಾರೆಂದೂ ತಿಳಿಯದು. ಬುಧವಾರ ನನ್ನ ಸರದಿ.

ಹೀಗಾಗಿ ಮೇಜಿಗೆ ಕೂತಿದ್ದವರು ಆ ಮನೆಯವರೇ ಆಗಿದ್ದರೆ ಅವರನ್ನು ಯಾರೂ ಮನೆಯಿಂದ ಕಳಿಸುವಂತಿಲ್ಲ, ಅವರೂ ಒಂದು ರಾತ್ರಿ ಹೊರಗೆ ತಂಗುವಂತಿಲ್ಲ ಎಂದು ಊರು ಕಟ್ಟುಮಾಡಿದೆ. ನಮ್ಮತ್ತೆಯ ಜೊತೆ ಆ ದಿನ ಕೂತವರು ಮಾವ, ನನ್ನ ಗಂಡ ವರದಯ್ಯ, ನಾನು. ಮಾವ ಹೋಗಿ ಇಪ್ಪತ್ತೆರಡು ವರ್ಷವಾಯಿತು, ಗಂಡ ಹೋಗಿ ಒಂಬತ್ತು. ಉಳಿದವಳು ನಾನೊಬ್ಬಳು. ನನ್ನ ತಂಗಿ ಕಮಲಾಕ್ಷಿ ಪಕ್ಕದ ಊರಿನಲ್ಲಿ ಹಾಸಿಗೆ ಹಿಡಿದಾಗ ಮೂರು ದಿನ ಬೆಳಿಗ್ಗೆ ಹೋಗಿ ಸಂಜೆಯ ಬಸ್ಸಿಗೆ ವಾಪಸ್ಸಾದೆ. ಮೂರನೆಯ ದಿನ ಅವಳು ನನ್ನ ಸೆರಗು ಹಿಡಿದು "ಇವತ್ತೊಂದಿನ ಇರಕ್ಕಾ" ಎಂದಳು. ಬೆರಳು ಬಿಡಿಸಿಕೊಂಡು ಬಂದೆ. ಬೆಳಗಾಗುವುದರೊಳಗೆ ಹೋಗಿಬಿಟ್ಟಳು.

ಈ ವರ್ಷ ನನಗೇ ಅರವತ್ತು. ಎರಡು ತಿಂಗಳ ಹಿಂದೆ ನೀರು ಸೇದುವಾಗ ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತುಬಿಟ್ಟೆ. ಡಾಕ್ಟರು ಹೃದಯ ದುರ್ಬಲವಾಗಿದೆ, ಭಾರ ಎತ್ತಬೇಡಿ ಎಂದರು. ಭಾರ ಎತ್ತಲು ನಮ್ಮ ಮನೆಯಲ್ಲಿ ಇನ್ನು ಯಾರಿದ್ದಾರೆ ಎಂದು ಅವರನ್ನೇ ಕೇಳಿದೆ. ಅವತ್ತಿನಿಂದ ನನ್ನ ತಲೆಯಲ್ಲಿ ಒಂದೇ ಯೋಚನೆ. ನಾನು ಮೊದಲು ಹೋದರೆ ಅತ್ತೆಯ ಬಿಲ್ಲೆ ಕಲಸಲು ಲೋಕದಲ್ಲಿ ಯಾರೂ ಇರುವುದಿಲ್ಲ. ಈಗ ಎಂಬತ್ತೊಂಬತ್ತು ಅವರಿಗೆ. ನೂರಾಗುತ್ತದೆ, ನೂರೈವತ್ತಾಗುತ್ತದೆ, ಬೀದಿಯವರು ಸರದಿ ಹಾಕಿಕೊಳ್ಳುತ್ತಾರೆ. ಅದನ್ನು ನೆನೆದರೆ ನನಗೆ ಎದೆನೋವಿಗಿಂತ ಹೆಚ್ಚು ಸಂಕಟವಾಗುತ್ತಿತ್ತು.

ಬಾಯಿಬಿಟ್ಟು ಅವರನ್ನೇ ಕೇಳಿದ್ದೆ, ಒಂದು ಸಲವಲ್ಲ, ಹತ್ತು ಸಲ. ನಮ್ಮೂರಿನಲ್ಲಿ ಅದನ್ನು ಕೇಳುವುದು ತಪ್ಪಲ್ಲ. "ಅತ್ತೆ, ನಾನು ಗಟ್ಟಿಯಾಗಿರೋವಾಗ್ಲೇ ಕಲಸಿಬಿಡ್ಲಾ?"

"ಇವತ್ತು ಬೇಡ ಕಣೆ, ಉಪ್ಪಿನಕಾಯಿ ಇನ್ನೂ ಕಳಿತಿಲ್ಲ" ಎನ್ನುತ್ತಿದ್ದರು. ಇನ್ನೊಂದು ದಿನ ಕೇಳಿದರೆ ಅಮಾವಾಸ್ಯೆ. ಮತ್ತೊಂದು ದಿನ ಕಾಲುನೋವು, ಕಾಲು ನೋಯುತ್ತಿರುವಾಗ ಹೋಗುವುದು ಹೇಗೆ ಅಂತ. ಬದುಕಿನ ಆಸೆ ಎಂದುಕೊಂಡೆ. ಮುದುಕಿಗೆ ಇಷ್ಟು ಆಸೆ ಇರಬಾರದು ಎಂದು ಮನಸ್ಸಿನಲ್ಲೇ ಬೈದುಕೊಂಡು ಸುಮ್ಮನಾದೆ.

ಆ ಕೈ ಬಿದ್ದದ್ದು ಒಂದು ಸೋಮವಾರ ಮಧ್ಯಾಹ್ನ. ಅದೇ ವಾರದ ಗುರುವಾರ ನನ್ನನ್ನು ತವರಿಗೆ ಕಳಿಸುವುದೆಂದು ನಿಶ್ಚಯವಾಗಿತ್ತು. ಮದುವೆಯಾಗಿ ಏಳು ವರ್ಷ, ಮಕ್ಕಳಿಲ್ಲ. ಮಾವ ಬೇರೆ ಕಡೆ ಹೆಣ್ಣು ನೋಡಿಕೊಂಡು ಬಂದಿದ್ದರು. ನನ್ನ ಗಂಡ ಕೆಟ್ಟವರಲ್ಲ, ಆದರೆ ಅಪ್ಪ ನಿಲ್ಲು ಅಂದರೆ ನಿಲ್ಲುವ, ಕೂರು ಅಂದರೆ ಕೂರುವ ಜಾತಿ. ತವರಿನಲ್ಲಿ ಇದ್ದದ್ದು ಅಣ್ಣ, ಅತ್ತಿಗೆ ಮತ್ತು ಅತ್ತಿಗೆಯ ನಾಲಿಗೆ. ನನ್ನ ಟ್ರಂಕು ಕಟ್ಟಿ ಬಾಗಿಲ ಹಿಂದೆ ಇಟ್ಟಾಗಿತ್ತು. ಅಂಥ ವಾರದಲ್ಲೂ ಮಾವ ಊಟ ಮುಗಿಸಿ "ಒಂದಾಟ ಹಾಕೋಣ" ಎಂದರು. ಆಟಕ್ಕೆ ನಾಲ್ಕನೆಯವರು ಬೇಕಲ್ಲ, ನನ್ನನ್ನೂ ಕರೆದರು. ನಾನು ಕಣ್ಣು ಒರೆಸಿಕೊಂಡು ಬಂದು ಕೂತೆ.

ಅತ್ತೆ ಅವತ್ತು ಒಂದರಿಂದ ಒಂಬತ್ತರವರೆಗಿನ ಚುಕ್ಕಿ ಜಾತಿಯ ಬಿಲ್ಲೆಗಳನ್ನಷ್ಟೇ ಇಟ್ಟುಕೊಂಡು ಉಳಿದದ್ದೆಲ್ಲ ಬಿಸಾಡುತ್ತಿದ್ದರು. ಕೊನೆಗೆ ನಾಲ್ಕು ಚುಕ್ಕಿಯದೊಂದು ಎಳೆದರು. ಕಣ್ಣಿಗೆ ಏನೋ ಬಿತ್ತು ಎಂದು ಉಜ್ಜಿಕೊಂಡರು. ಆಮೇಲೆ ಹದಿನಾಲ್ಕನ್ನೂ ಒಂದೊಂದಾಗಿ ಮೇಜಿನ ಮೇಲಿಟ್ಟರು. ಒಂದು ಚುಕ್ಕಿಯದು ಮೂರು ಸಲ, ಎರಡು, ಮೂರು, ನಾಲ್ಕರದು ಎರಡು ಸಲ, ಐದು, ಆರು, ಏಳು, ಎಂಟು, ಒಂಬತ್ತರದು ಮೂರು ಸಲ. ಒಂದೇ ಜಾತಿಯಲ್ಲಿ ಈ ಕಡೆ ಮೂರು ಒಂದು, ಆ ಕಡೆ ಮೂರು ಒಂಬತ್ತು, ನಡುವೆ ಎಲ್ಲವೂ ಇದ್ದು ಮೇಲೆ ಒಂದು ಹೆಚ್ಚಿಗೆ. ಅದೇ ಒಂಬತ್ತು ಬಾಗಿಲು. ಮಾವ ಎದ್ದು ನಿಂತುಬಿಟ್ಟರು. ಸಂಜೆಯ ಹೊತ್ತಿಗೆ ಊರಿನ ಹಿರಿಯರು ಬಂದು, ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಒಂದು ಮಾರು ದೂರದಿಂದ ನೋಡಿ ಹೌದೆಂದು ಹೋದರು. ಗುರುವಾರ ಬಂತು, ಹೋಯಿತು. ನನ್ನ ಟ್ರಂಕನ್ನು ನಾನೇ ಬಿಚ್ಚಿ ಸೀರೆಗಳನ್ನು ಮತ್ತೆ ಬಿದಿರಿನ ಗಳುವಿನ ಮೇಲೆ ಹಾಕಿದೆ. ಅತ್ತೆಯ ಅದೃಷ್ಟದಲ್ಲಿ ನನಗೂ ಒಂದು ಪಾಲು ಸಿಕ್ಕಿತು ಎಂದು ಇಷ್ಟು ವರ್ಷ ತಿಳಿದುಕೊಂಡಿದ್ದೆ.

ಆಮೇಲೆ ಅತ್ತೆ ಎರಡು ಸಲ ಸಾಯಬೇಕಿತ್ತು. ಒಮ್ಮೆ ಟೈಫಾಯ್ಡ್, ಒಮ್ಮೆ ಅಟ್ಟದ ಏಣಿಯಿಂದ ಬಿದ್ದದ್ದು. ಎರಡು ಸಲವೂ ಎದ್ದು ಕೂತರು. ನೋಡಲು ಬಂದವರು ಅತ್ತೆಯ ಮುಖ ನೋಡುತ್ತಿರಲಿಲ್ಲ, ಮೇಜಿನ ಕಡೆ ನೋಡಿ "ಇದಿರೋವಾಗ ಏನು ಭಯ" ಎಂದು ಹೋಗುತ್ತಿದ್ದರು. ನಾನೂ ಹಾಗೇ ಇದ್ದೆ. ಜ್ವರ ನೂರಮೂರು ಇದ್ದ ದಿನ ಅವರನ್ನು ಒಳಗೆ ಮಲಗಿಸಿ, ಹೊರಗಿನಿಂದ ಚಿಲಕ ಹಾಕಿಕೊಂಡು, ಒಂದು ಮದುವೆಯ ಊಟಕ್ಕೆ ಹೋಗಿ ಬಂದಿದ್ದೆ.

ಬಿಲ್ಲೆಗಳ ಬಣ್ಣ ಮಾಸಿತ್ತು. ದೊಡ್ಡ ಕೈಯ ಚಿತ್ರ ಪೂರ್ತಿ ಅಳಿಸಿ ಬೋಳಾದರೆ ಏನಾಗುತ್ತದೆಂದು ಯಾರೂ ಪರೀಕ್ಷೆ ಮಾಡಿಲ್ಲ. ಎಲ್ಲರೂ ಹತ್ತು ಹನ್ನೆರಡು ವರ್ಷಕ್ಕೊಮ್ಮೆ ಮೌಲಾಸಾಬರನ್ನು ಕರೆಸಿ ಗೀರುಗಳಿಗೆ ಮಸಿ ತುಂಬಿಸುತ್ತಾರೆ. ಬಿಲ್ಲೆ ಕೊರೆಯುವುದು, ಮಸಿ ತುಂಬುವುದು ಅವರ ಮನೆತನದ ಕೆಲಸ. ನಮ್ಮತ್ತೆ ಮಾತ್ರ ಅವರನ್ನು ಮನೆಗೆ ಸೇರಿಸಲಿಲ್ಲ. "ಬಣ್ಣ ಚೆನ್ನಾಗಿದೆ, ಅವ್ನ ಕೈ ನಡುಗುತ್ತೆ" ಅಂತ ಒಂದು ನೆಪ. ಬಿಲ್ಲೆಗಳ ಧೂಳು ಒರೆಸುವುದನ್ನೂ ನನಗೆ ಬಿಡುತ್ತಿರಲಿಲ್ಲ, ತಾವೇ ಮಾಡುತ್ತಿದ್ದರು. ನಾಲ್ಕು ತಿಂಗಳಿಂದ ಅವರು ಮಂಚ ಬಿಟ್ಟು ಏಳಲಿಲ್ಲ, ಕಣ್ಣಿಗೆ ಪೊರೆ ಬಂದು ನನ್ನ ಮುಖವೂ ಸರಿಯಾಗಿ ಕಾಣುತ್ತಿರಲಿಲ್ಲ. ಒರೆಸುವ ಕೆಲಸ ನನ್ನ ಪಾಲಿಗೆ ಬಂತು. ಚುಕ್ಕಿಗಳು ಮಂಕಾದದ್ದು ನೋಡಿ ಹೆದರಿ, ಅತ್ತೆಯನ್ನು ಕೇಳದೆ ಮೌಲಾಸಾಬರಿಗೆ ಹೇಳಿಕಳಿಸಿದೆ.

ಅವರು ಬೆಳಿಗ್ಗೆ ಹತ್ತಕ್ಕೆ ಬಂದರು. ನನಗಿಂತ ಹತ್ತು ವರ್ಷ ದೊಡ್ಡವರು, ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದರು. ಬಿಲ್ಲೆಯನ್ನು ಅವರು ಎತ್ತುವುದಿಲ್ಲ. ಕೆನ್ನೆಯನ್ನು ಮೇಜಿಗೆ ಒತ್ತಿ, ಒಂದು ಸೂಜಿಯಿಂದ ಒಂದೊಂದು ಗುಳಿಯ ಆಳ ನೋಡಿ, ಆಮೇಲೆ ಕೂದಲಿನಷ್ಟು ಸಣ್ಣ ಕುಂಚದಿಂದ ಮಸಿ ಬಿಡುತ್ತಾರೆ. ನಾನು ಗೋಡೆಗೊರಗಿ ಅಲಸಂದೆಕಾಯಿ ಸುಲಿಯುತ್ತಿದ್ದೆ. ಒಂದರಿಂದ ಏಳರವರೆಗೆ ಸದ್ದಿಲ್ಲದೆ ಮುಗಿಸಿದರು. ಆಮೇಲೆ ಸೂಜಿ ಒಂದೇ ಕಡೆ ಬಹಳ ಹೊತ್ತು ನಿಂತಿತು.

"ಅಮ್ಮ, ಸ್ವಲ್ಪ ಇಲ್ಲಿ ಬನ್ನಿ."

"ಯಾಕೆ, ಸೀಳು ಬಿಟ್ಟಿದೆಯಾ?"

"ಸೀಳಿಲ್ಲ. ಇದನ್ನ ಎಂಟು ಅಂತ ಯಾರಂದ್ರು?"

ನಾನು ಬಗ್ಗಿ ನೋಡಿದೆ. ನಮ್ಮೂರ ಬಿಲ್ಲೆಯಲ್ಲಿ ಎಂಟು ಎಂದರೆ ನಾಲ್ಕು ಚುಕ್ಕಿಯ ಎರಡು ಸಾಲು, ಏಳು ಎಂದರೆ ಒಂದು ಸಾಲು ನಾಲ್ಕು, ಇನ್ನೊಂದು ಸಾಲು ಮೂರು. ಇದರಲ್ಲಿ ನಾಲ್ಕು ನಾಲ್ಕು ಇತ್ತು. ಕೊನೆಯ ಚುಕ್ಕಿ ಉಳಿದವುಗಳಿಗಿಂತ ಸ್ವಲ್ಪ ಹರಡಿಕೊಂಡಿತ್ತು, ಅಷ್ಟೇ.

"ಏಳಕ್ಕೆ ಗುಳಿ ಇದೆ, ಎಂಟನೇದಕ್ಕೆ ಇಲ್ಲ" ಎಂದರು ಮೌಲಾಸಾಬರು. "ಬರೀ ಮೇಲೆ ಮೆತ್ತಿರೋದು." ಸೂಜಿಯ ತುದಿಗೆ ಹತ್ತಿದ್ದನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. "ಹರಳೆಣ್ಣೆ ವಾಸನೆ. ಇದು ಕಣ್ಣಿನ ಕಾಡಿಗೆ ಅಮ್ಮ. ಹಳೇದೂ ಅಲ್ಲ, ಒಂದು ವರ್ಷದ್ದಿರಬೇಕು."

ನನಗೆ ನಂಬಿಕೆ ಬರಲಿಲ್ಲ. ದೊಡ್ಡ ಕೈ ಬಿದ್ದ ಮೇಲೆ ಮಿಕ್ಕ ನೂರ ಇಪ್ಪತ್ತೆರಡು ಬಿಲ್ಲೆಗಳನ್ನು ಬಟ್ಟೆಯಲ್ಲಿ ಕಟ್ಟಿ ಅಟ್ಟಕ್ಕೆ ಹಾಕುತ್ತಾರೆ, ಮತ್ತೆ ಬಿಚ್ಚುವುದಿಲ್ಲ. ಭಾರ ಎತ್ತಬೇಡಿ ಎಂದು ಡಾಕ್ಟರು ಹೇಳಿದ್ದನ್ನು ಬದಿಗಿಟ್ಟು ಏಣಿ ಹತ್ತಿದೆ. ಗಂಟನ್ನು ಇಳಿಸಿ ನೆಲದ ಮೇಲೆ ಸುರಿದು ಇಬ್ಬರೂ ಹುಡುಕಿದೆವು. ಆಟದಲ್ಲಿ ಯಾವ ಬಿಲ್ಲೆಯೂ ನಾಲ್ಕಕ್ಕಿಂತ ಹೆಚ್ಚಿರುವುದಿಲ್ಲ. ಗಂಟಿನಲ್ಲಿ ಚುಕ್ಕಿಯ ಎಂಟುಗಳು ನಾಲ್ಕಕ್ಕೆ ನಾಲ್ಕೂ ಇದ್ದವು. ಏಳು ಎರಡೇ ಇದ್ದವು. ಒಂದೊಂದನ್ನೂ ತಿರುಗಿಸಿ ಮತ್ತೊಮ್ಮೆ ಎಣಿಸಿದೆ.

"ಸೋತ ಕೈ ಅಲ್ಲ ಇದು" ಎಂದರು ಮೌಲಾಸಾಬರು, ಸಮಾಧಾನ ಮಾಡುವ ಹಾಗೆ. "ಎರಡು ಏಳು ಜೋಡಿಯಾಯ್ತು, ಮಿಕ್ಕಿದ್ದೆಲ್ಲ ಹೊಂದುತ್ತೆ. ಗೆದ್ದ ಕೈಯೇ, ಒಳ್ಳೇ ಕೈಯೇ. ಆದ್ರೆ ಒಂಬತ್ತು ಬಾಗಿಲಲ್ಲ. ಅಮ್ಮೋರು ಇಷ್ಟು ವರ್ಷ ಬದುಕಿರೋದು ಅವರ ಆಯಸ್ಸಿಂದ, ಬಿಲ್ಲೆಯಿಂದ ಅಲ್ಲ."

ಅವರು ಪೆಟ್ಟಿಗೆಯಿಂದ ಒಂದು ಸಣ್ಣ ಉಳಿ ತೆಗೆದು ಬಟ್ಟೆಯಲ್ಲಿ ಒರೆಸಿದರು. "ಕೊರೆಯೋದಾದ್ರೆ ಒಂದು ನಿಮಿಷದ ಕೆಲಸ. ಗುಳಿ ತೋಡಿದ್ರೆ ಎಂಟೇ. ಎಂಟಾದ್ರೆ ಒಂಬತ್ತು ಬಾಗಿಲೇ."

"ಕೊರೆದ್ರೆ ಅತ್ತೆ ಸಾಯದೆ ನಿಲ್ತಾರಾ?"

"ನಮ್ಮಪ್ಪ ಎರಡು ಮನೇಲಿ ಹೀಗೇ ಕೊರೆದಿದ್ರು. ಎರಡೂ ಮನೆಯವ್ರು ಇನ್ನೂ ಇದ್ದಾರೆ." ಯಾವ ಮನೆಗಳೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. "ಕೊರೀಲಾ, ಒರೆಸ್ಲಾ? ನೀವು ಹೇಳಿದ ಹಾಗೆ. ನನ್ನ ಬಾಯಿಂದ ಹೊರಗೆ ಹೋಗಲ್ಲ."

ನಾಳೆ ಬನ್ನಿ ಎಂದು ಕಳಿಸಿದೆ. ಕಳಿಸಿ ಅಲಸಂದೆಕಾಯಿ ಮುಂದಿಟ್ಟುಕೊಂಡು ಕೂತೆ, ಒಂದನ್ನೂ ಸುಲಿಯಲಿಲ್ಲ. ಮಾವ ಹೋದ ಮೇಲೂ ಅತ್ತೆ ಯುಗಾದಿಯ ಹಿಂದಿನ ದಿನ ದೀಪದ ಮೇಲೆ ಬಟ್ಟಲು ಕವುಚಿ ಕಾಡಿಗೆ ಹಿಡಿಯುತ್ತಿದ್ದರು. ಯಾರಿಗೆ ಎಂದು ಕೇಳಿದರೆ ಕಣ್ಣಿಗೆ ತಂಪು ಎನ್ನುತ್ತಿದ್ದರು. ಮಾವ ಹೋದಂದಿನಿಂದ ಅವರ ಕಣ್ಣಲ್ಲಿ ಮಾತ್ರ ನಾನು ಕಾಡಿಗೆ ಕಂಡಿರಲಿಲ್ಲ. ಇಷ್ಟು ಕಾಲ ಒಂದೇ ಮನೆಯಲ್ಲಿದ್ದು ನಾನು ಏನನ್ನು ನೋಡಿದೆ ಎಂದು ನನ್ನ ಮೇಲೇ ಸಿಟ್ಟು ಬಂತು.

"ಮೌಲಾಸಾಬಿ ಬಂದಿದ್ನಾ?" ಒಳಗಿನಿಂದ ಅತ್ತೆಯ ದನಿ.

"ಬಂದಿದ್ರು."

"ನೋಡಿದ್ನಾ?"

"ನೋಡಿದ್ರು."

"ಹೋಗ್ಲಿ ಬಿಡು" ಎಂದರು. "ಈ ಯುಗಾದಿಗೆ ಏಳಕ್ಕಾಗ್ಲಿಲ್ಲ, ಕಣ್ಣೂ ಕಾಣ್ಲಿಲ್ಲ. ಇಲ್ದಿದ್ರೆ ಅಷ್ಟು ಸುಲಭಕ್ಕೆ ಗೊತ್ತಾಗ್ತಿರ್ಲಿಲ್ಲ."

ನಾನು ಎದ್ದು ಹೋಗಿ ಅವರ ಮಂಚದ ಮುಂದೆ ನಿಂತೆ. "ಯಾಕೆ ಮಾಡಿದ್ರಿ?"

"ಗುರುವಾರ ನಿನ್ನ ಕಳಿಸ್ತಿದ್ರಲ್ಲ" ಎಂದರು, ಇದನ್ನೂ ಕೇಳಬೇಕೆ ಎನ್ನುವ ಹಾಗೆ. "ನಾನು ಹೇಳಿದ್ರೆ ಆ ಮನುಷ್ಯ ಕೇಳ್ತಿದ್ರಾ? ಮೂರು ದಿನದಿಂದ ಹೇಳಿ ಹೇಳಿ ಬಾಯಿ ನೋವು ಬಂದಿತ್ತು. ನಾಲ್ಕು ಎಳೆದೆ, ಕೈ ಗೆದ್ದಿತ್ತು. ಒಂಬತ್ತು ಬಾಗಿಲಿಗೆ ಒಂದು ಚುಕ್ಕಿ ಕಮ್ಮಿ ಇತ್ತು. ಕಣ್ಣಲ್ಲಿ ಕಾಡಿಗೆ ಇತ್ತು. ಉಗುರಲ್ಲಿ ತಗೊಂಡೆ, ಇಟ್ಟೆ. ಮೇಜಿಗೆ ಕೂತವಳನ್ನ ಕಳಿಸಕ್ಕಾಗಲ್ವಲ್ಲ."

ಮೊದಲ ಏಳು ವರ್ಷ ಈ ಮನೆಯಲ್ಲಿ ನನ್ನ ಪರವಾಗಿ ಯಾರೂ ಒಂದು ಮಾತಾಡಲಿಲ್ಲ ಎಂದುಕೊಂಡೇ ಬದುಕಿದ್ದೆ. ಆದರೆ ಬಾಯಿಗೆ ಮೊದಲು ಬಂದದ್ದು ಸಿಟ್ಟು. "ಮಾವ ಹೋಗಿ ಇಪ್ಪತ್ತೆರಡು ವರ್ಷ ಆಯ್ತು. ಆಮೇಲಾದ್ರೂ ಹೇಳಬಹುದಿತ್ತಲ್ಲ."

"ಹೇಳಬಹುದಿತ್ತು."

"ಕಮಲಾಕ್ಷಿ ಸಾಯೋವಾಗ ಒಂದು ರಾತ್ರಿ ಇರು ಅಂತ ಅತ್ತಳು. ಅವಳ ಬೆರಳು ಬಿಡಿಸಿ ಬಂದೆ ನಾನು. ನೀವು ಇಲ್ಲಿ ಕೂತು ಎಲೆಯಡಿಕೆ ಕುಟ್ಟಿಕೊಳ್ತಿದ್ರಿ."

"ಅವತ್ತು ಹೇಳಬೇಕು ಅಂತ ಬಾಯಿಗೆ ಬಂದಿತ್ತು" ಎಂದರು ಅತ್ತೆ. ಮುಖವನ್ನು ಗೋಡೆಯ ಕಡೆ ತಿರುಗಿಸಿದ್ದರು. "ಹೇಳಿದ್ರೆ ನೀನು ವಾಪಸ್ ಬರಲ್ಲ ಅಂತ ಭಯ ಆಯ್ತು. ಮೊದಲ ಹನ್ನೆರಡು ವರ್ಷ ನಿನಗೋಸ್ಕರ ಕಣೆ. ಆಮೇಲಿಂದೆಲ್ಲ ನನಗೋಸ್ಕರ. ಅದು ನನ್ನ ತಪ್ಪು. ನಿನ್ನ ತಂಗಿ ವಿಷಯದಲ್ಲಿ ನಾನು ಪಾಪಿ."

ಅಷ್ಟು ಸೀದಾ ಒಪ್ಪಿಕೊಂಡರೆ ಜಗಳ ಆಡುವುದು ಹೇಗೆ. ನಾನು ಅಲ್ಲೇ ನೆಲದ ಮೇಲೆ ಕೂತೆ. ಆಮೇಲೆ ಟೈಫಾಯ್ಡ್ ನೆನಪಾಯಿತು. ಹಾಗಾದರೆ ಅವತ್ತು ಬದುಕಿದ್ದು ಹೇಗೆ ಎಂದು ಕೇಳಿದೆ.

"ನೀನು ಗಂಜಿ ಕೊಟ್ಟೆ, ಕುಡಿದೆ, ಬದುಕಿದೆ" ಎಂದರು. "ಎಲ್ಲರೂ ಬದುಕೋದು ಹಾಗೇ ಅಲ್ವಾ. ನೀನು ಚಿಲಕ ಹಾಕಿಕೊಂಡು ಮದುವೆಗೆ ಹೋದ ದಿನ ಮಾತ್ರ ನಾನು ಹೋಗೇಬಿಟ್ಟೆ ಅಂದ್ಕೊಂಡಿದ್ದೆ. ಕೂಗಿದೆ, ಯಾರೂ ಬರಲಿಲ್ಲ."

ಮೌಲಾಸಾಬರ ಉಳಿಯ ವಿಷಯ ಹೇಳಿದೆ. ನಾಳೆ ಬರುತ್ತಾರೆ, ಕೊರೆದರೆ ನಿಜವಾದ ಒಂಬತ್ತು ಬಾಗಿಲಾಗುತ್ತದೆ ಎಂದೆ. ಅತ್ತೆ ತಟ್ಟನೆ ನನ್ನ ಕಡೆ ತಿರುಗಿದರು. ಪೊರೆ ಬಂದ ಕಣ್ಣುಗಳಲ್ಲಿ ಹೆದರಿಕೆ ಕಂಡಿತು. "ಕೊರೆಸ್ತೀಯಾ?"

ಆ ಗಳಿಗೆಯಲ್ಲಿ ಸೇಡಿಗಾದರೂ ಕೊರೆಸಿಬಿಡೋಣ ಎನಿಸಿತು, ಸುಳ್ಳು ಹೇಳುವುದಿಲ್ಲ. ಇರಲಿ ಇನ್ನೂರು ವರ್ಷ, ಗೊತ್ತಾಗಲಿ, ಎನಿಸಿತು. ಆಮೇಲೆ ಬುಧವಾರ ನಾನು ತುತ್ತು ಹಾಕುವಾಗ ಸೊಣ್ಣಪ್ಪನವರ ಮುತ್ತಜ್ಜ ಬಾಯಿ ತೆರೆಯುವುದು ಕಣ್ಣೆದುರು ಬಂತು. "ಇಲ್ಲ" ಎಂದೆ.

"ಒರೆಸಿಬಿಡು. ನಂಗೂ ಸಾಕಾಗಿದೆ."

ಸೆರಗಿನ ತುದಿ ಒದ್ದೆ ಮಾಡಿಕೊಂಡು ಮೇಜಿನ ಹತ್ತಿರ ಹೋದೆ. ಒಂದೇ ಸಲ ಉಜ್ಜಿದ್ದು, ಚುಕ್ಕಿ ಹೋಯಿತು. ಏಳು ಉಳಿಯಿತು. ಆಮೇಲೆ ಎರಡೂ ಅಂಗೈ ಬಿಲ್ಲೆಗಳ ಮೇಲಿಟ್ಟು ಕಲಸಿದೆ. ಮೂಳೆಗೆ ಮೂಳೆ ತಾಗುವ ಆ ಸದ್ದು ನಮ್ಮ ಮನೆಯಲ್ಲಿ ಮೂವತ್ತನಾಲ್ಕು ವರ್ಷದಿಂದ ಕೇಳಿರಲಿಲ್ಲ. ಸುಳ್ಳು ಕೈ ಎಂದು ಗೊತ್ತಿದ್ದೂ ಕಲಸಿ ಮುಗಿಸಿದ ಮೇಲೆ ಓಡಿ ಬಂದು ಅತ್ತೆಯ ಮುಖ ನೋಡುತ್ತ ಕೂತೆ. ಗಡಿಯಾರದಲ್ಲಿ ಒಂದು ಗಂಟೆ ಕಳೆಯುವವರೆಗೂ ಏಳಲಿಲ್ಲ.

"ಏನೇ ಹಾಗೆ ನೋಡ್ತೀಯ, ಸಾಯ್ತೀನಾ ಅಂತಾನಾ?"

"ಹೂಂ."

"ಇವತ್ತಾಗಲ್ಲ. ಮಜ್ಜಿಗೆ ಕೊಡು."

ಮಜ್ಜಿಗೆ ಕೊಟ್ಟೆ. ಕೊಟ್ಟು, ನಾಳೆ ಒಂಬತ್ತರ ಬಸ್ಸಿಗೆ ಕಮಲಾಕ್ಷಿಯ ಮಗಳ ಮನೆಗೆ ಹೋಗುತ್ತೇನೆ, ಹತ್ತು ದಿನವೋ ಹದಿನೈದು ದಿನವೋ ಇದ್ದು ಬರುತ್ತೇನೆ, ಬರದೆಯೂ ಇರಬಹುದು, ಪಕ್ಕದ ಮನೆಯವರಿಗೆ ನಿಮ್ಮನ್ನು ನೋಡಿಕೊಳ್ಳಲು ಹೇಳುತ್ತೇನೆ ಎಂದೆ. ಅತ್ತೆ ಬೇಡವೆನ್ನಲಿಲ್ಲ. "ಹೋಗಿ ಬಾ. ಹೋಗದೇ ಬಹಳ ದಿನ ಆಯ್ತು" ಎಂದರು. ನಾನು ಎರಡು ಸೀರೆ, ಎದೆಯ ಮಾತ್ರೆ, ಬಾಚಣಿಗೆ ಚೀಲಕ್ಕೆ ಹಾಕಿಕೊಂಡೆ. ಬೇಗ ಮಲಗಿದೆ. ಎಷ್ಟು ದಣಿದಿದ್ದೆನೆಂದರೆ ನಿದ್ದೆ ಬಂದದ್ದೇ ಗೊತ್ತಾಗಲಿಲ್ಲ.

ಎಚ್ಚರವಾದಾಗ ಕಿಟಕಿಯಲ್ಲಿ ಬಿಸಿಲು ಬಂದಿತ್ತು. ದಿನವೂ ಐದು ಗಂಟೆಗೆ ಅತ್ತೆ ಒಳಗಿನಿಂದ ಕೂಗುತ್ತಾರೆ, ಕಫ ಬಿಡಿಸಿಕೊಳ್ಳುತ್ತಾರೆ, ದೇವರನ್ನೂ ನನ್ನನ್ನೂ ಸೇರಿಸಿ ಬೈಯುತ್ತಾರೆ. ಅವತ್ತು ಏನೂ ಕೇಳಿಸಲಿಲ್ಲ. ಮುಂಚೆ ಎಷ್ಟೋ ದಿನ ಹಾಗೆ ಸದ್ದಿಲ್ಲದೆ ಮಲಗಿದ್ದುಂಟು, ಅಬ್ಬ, ಇನ್ನೊಂದು ಗಳಿಗೆ ಹೀಗೇ ಇರಲಿ ಎಂದು ನಾನು ಮಗ್ಗುಲು ಬದಲಾಯಿಸಿದ್ದುಂಟು. ಅವತ್ತು ಎದ್ದು ಕೂತವಳಿಗೆ ಕಾಲು ನೆಲಕ್ಕಿಡಲು ಭಯವಾಯಿತು.

ಬಾಗಿಲಲ್ಲಿ ನಿಂತು "ಅತ್ತೆ" ಎಂದೆ. ಮಂಚದ ಹತ್ತಿರ ಹೋದೆ. ಬಾಯಿ ಅರ್ಧ ತೆರೆದಿತ್ತು, ಹೊದಿಕೆ ಎದೆಯ ಮೇಲೆ ಏರುತ್ತಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಮೂಗಿನ ಹತ್ತಿರ ಕೈ ಹಿಡಿದೆ. ಬೆರಳಿಗೆ ತಾಗಿದ್ದು ಅವರ ಉಸಿರೋ ಕಿಟಕಿಯ ಗಾಳಿಯೋ ಗೊತ್ತಾಗಲಿಲ್ಲ. ಇವರೂ ಸಾಯಬಹುದು ಎಂಬ ಮಾತು ಅವತ್ತೇ ನನ್ನೊಳಗೆ ಇಳಿದದ್ದು. ಇಷ್ಟು ವರ್ಷ ಇವರು ನನ್ನ ಕೈಯಿಂದಲೇ ಹೋಗಬೇಕು, ನಾನು ಹೇಳಿದ ದಿನವೇ ಹೋಗಬೇಕು ಎಂದುಕೊಂಡಿದ್ದೆ. ಬೇಜಾರಾಗಿತ್ತು, ಸಿಟ್ಟಾಗಿತ್ತು, ಭಯ ಎಂದೂ ಆಗಿರಲಿಲ್ಲ. ನಿನ್ನೆ ಕೊರೆಸಿಬಿಡಬೇಕಿತ್ತು ಎಂದು ಒಂದು ಕ್ಷಣ ಅನ್ನಿಸಿಯೂಬಿಟ್ಟಿತು.

ಅತ್ತೆ ಒಂದು ಕಣ್ಣು ಬಿಟ್ಟರು. "ಬಸ್ಸಿಗೆ ಹೊತ್ತಾಗಲ್ವಾ?"

"ಹೀಗೆ ಸುಮ್ಮನೆ ಮಲಗಬೇಡಿ ನೀವು" ಎಂದೆ. ಬೈಯುವ ದನಿಯಲ್ಲೇ ಹೊರಟ ಮಾತು ನಡುವೆ ಒಡೆಯಿತು. "ಎಚ್ಚರ ಆದ ತಕ್ಷಣ ನನ್ನ ಕೂಗಿ. ದಿನಾ ಕೂಗಬೇಕು."

"ದಿನಾ ಅಂದ್ರೆ ಎಷ್ಟು ದಿನ?"

ಅದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ನಾನು ಮಂಚದ ಅಂಚಿನಲ್ಲಿ ಕೂತು ಅವರ ಕೈ ಹಿಡಿದುಕೊಂಡು ಅತ್ತುಬಿಟ್ಟೆ.